ಹೆಸರು ಅಳಿಸಿದರೆ ಗುರುತು ಹೋಗುತ್ತದಾ?

ಪ್ರಶ್ನೆ: ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ ಇದು. "ನಮ್ಮ ಮಗಳಿಗೆ ಹೋದ ವರ್ಷ ಟಿಬಿ ಆಗಿತ್ತು. ಆರು ತಿಂಗಳು ಗುಳಿಗೆ ನುಂಗಿ ಗುಣವಾಗಿದ್ದಾಳೆ. ಈಗ ವರ ನೋಡುತ್ತಿದ್ದೇವೆ. ಸೊಸೆ ಐದು ತಿಂಗಳ ಬಸುರಿ. ಸುಗ್ಗಿ ಮುಗಿದ ಮೇಲೆ ಮಗ, ಸೊಸೆ ಇಬ್ಬರೂ ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಗಾರೆ ಕೆಲಸಕ್ಕೆ. ಮೊನ್ನೆ ಆಶಾ ಕಾರ್ಯಕರ್ತೆ ಬಂದು ಎಲ್ಲರ ಆಧಾರ್ ಕೇಳಿದರು, ಮೊಬೈಲಿಗೆ ಬಂದ ಓಟಿಪಿ ಕೇಳಿದರು. ಇನ್ನು ಮೇಲೆ ತಾಯಿ ಕಾರ್ಡು, ಟಿಬಿ ಪಟ್ಟಿ, ಆಸ್ಪತ್ರೆ ದಾಖಲೆ, ರೇಷನ್ ಕಾರ್ಡು ಎಲ್ಲ ಜೋಡಿಸಿ, ಹೆಸರು ತೆಗೆದು, ಯೋಜನೆ ಮಾಡೋಕೆ ಬೆಂಗಳೂರಿಗೆ ಕಳಿಸ್ತಾರೆ ಅಂತ ಪಂಚಾಯಿತಿಯಲ್ಲಿ ಒಬ್ಬರು ಹೇಳಿದರು. ಹೆಸರು ತೆಗೆದ ಮೇಲೆ ಜೋಡಿಸೋದು ಹೆಂಗ? ಜೋಡಿಸಿದ ಮೇಲೆ ಹೆಸರು ಇಲ್ಲ ಅಂದ್ರೆ ನಂಬೋದು ಹೆಂಗ? ಗಂಡಿನ ಕಡೆಯವರಿಗೆ ಟಿಬಿ ವಿಷಯ ಗೊತ್ತಾಗುತ್ತದಾ? ರೇಷನ್ ಕಾರ್ಡು ಹೋಗುತ್ತದಾ? ಇನ್ಶೂರೆನ್ಸ್ ಕಂಪನಿಗೆ ಮಾರುತ್ತಾರಂತೆ, ನಿಜವಾ? ನಾವು ಬೇಡ ಅನ್ನಬಹುದಾ?"

ಉತ್ತರ: ಮಗಳು ಗುಣವಾಗಿದ್ದು ಕೇಳಿ ಸಂತೋಷವಾಯಿತು. ಆರು ತಿಂಗಳು ಬಿಡದೆ ಗುಳಿಗೆ ನುಂಗುವುದು ಸಣ್ಣ ಮಾತಲ್ಲ.

ನಿಮಗೆ ಮಗಳ ಮದುವೆಯ ಚಿಂತೆ, ಮನೆಯ ಅಕ್ಕಿಯ ಚಿಂತೆ. ಎರಡೂ ಸಹಜ. ನಾನು ಕಲ್ಯಾಣ ಕರ್ನಾಟಕದಲ್ಲಿ ಬಹಳ ವರ್ಷ ಸಮುದಾಯ ಆರೋಗ್ಯದ ಕೆಲಸ ಮಾಡಿದವನು. ಆರೋಗ್ಯ ಇಲಾಖೆಯ ರಿಜಿಸ್ಟರುಗಳ ನಡುವೆಯೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಹೆಸರು ತೆಗೆದ ಮೇಲೆ ಜೋಡಿಸುವುದು ಹೇಗೆ ಅಂತ ನೀವು ಕೇಳಿದಿರಲ್ಲ, ಕಾಲೇಜಿನಲ್ಲಿ ನಾನು ಪಾಠ ಶುರು ಮಾಡುತ್ತಿದ್ದದ್ದೇ ಆ ಪ್ರಶ್ನೆಯಿಂದ.

ನಿಮಗೆ ಪಂಚಾಯಿತಿಯಲ್ಲಿ ಹೇಳಿದವರು ಮೂರು ಬೇರೆ ಬೇರೆ ಕೆಲಸಗಳನ್ನು ಒಂದೇ ಉಸಿರಿನಲ್ಲಿ ಹೇಳಿದ್ದಾರೆ. ಗೊಂದಲ ಹುಟ್ಟಿದ್ದು ಅಲ್ಲೇ. ಮೊದಲನೆಯದು ನಿಮ್ಮ ಸ್ವಂತ ಚಿಕಿತ್ಸೆಯ ದಾಖಲೆ. ಮಗಳದು ಟಿಬಿ ರೋಗಿಗಳ ವಿವರ ಇಡುವ ಸರ್ಕಾರದ ನಿಕ್ಷಯ್ ಪೋರ್ಟಲ್‌ನಲ್ಲಿದೆ, ಸೊಸೆಯದು ತಾಯಿ ಕಾರ್ಡಿನಲ್ಲಿದೆ. ಆಶಾ ಓಟಿಪಿ ಕೇಳಿದ್ದು ಬಹುಶಃ ಆಭಾ ಸಂಖ್ಯೆ ಮಾಡಿಸಲು. ಅದು 2021ರ ಸೆಪ್ಟೆಂಬರ್‌ನಲ್ಲಿ ದೇಶದ ತುಂಬ ಶುರುವಾದ ಡಿಜಿಟಲ್ ಆರೋಗ್ಯ ಯೋಜನೆಯ 14 ಅಂಕಿಯ ಸಂಖ್ಯೆ. ಇಲ್ಲೆಲ್ಲ ಹೆಸರು ಇರಲೇಬೇಕು. ಹೆಸರಿಲ್ಲದೆ ಡಾಕ್ಟರು ಯಾರಿಗೆ ಔಷಧ ಕೊಡುತ್ತಾರೆ?

ಎರಡನೆಯದು ಸವಲತ್ತಿಗಾಗಿ ಮಾಡುವ ಜೋಡಣೆ. ನಮ್ಮ ರಾಜ್ಯದಲ್ಲಿ 'ಕುಟುಂಬ' ಅನ್ನುವ ವ್ಯವಸ್ಥೆ ಇದೆ. ರೇಷನ್ ಕಾರ್ಡು, ಆಧಾರ್, ಸರ್ಕಾರದ ಬೇರೆ ಬೇರೆ ಯೋಜನೆಗಳ ಪಟ್ಟಿ ಅಲ್ಲಿ ಹೆಸರು ಸಮೇತ ಕೂಡುತ್ತವೆ. ಯಾರು ಅರ್ಹರು, ಯಾರು ಅಲ್ಲ ಅಂತ ನೋಡುವುದೇ ಅದರ ಉದ್ದೇಶ. ರೇಷನ್ ಕಾರ್ಡಿಗೆ ತೊಂದರೆ ಬರುವುದಿದ್ದರೆ ಈ ದಾರಿಯಿಂದ ಬರುತ್ತದೆ. ಅಲ್ಲಿ ನೋಡುವುದು ಆದಾಯ, ಜಮೀನು, ಸ್ವಂತ ಕಾರು, ತೆರಿಗೆ ಕಟ್ಟುತ್ತೀರಾ ಅನ್ನುವುದನ್ನು. ಮನೆಯಲ್ಲಿ ಯಾರಿಗೋ ಟಿಬಿ ಆಗಿತ್ತು ಅನ್ನುವುದು ಆ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಇಲ್ಲೂ ತಪ್ಪು ಆಗುತ್ತದೆ. ಹೆಸರು ಹೊಂದದೆ ಅರ್ಹರ ಕಾರ್ಡೇ ನಿಂತುಹೋದದ್ದನ್ನು ನಾನು ನೋಡಿದ್ದೇನೆ. ಹಾಗಾಗಿ ರೇಷನ್ ಕಾರ್ಡಿನಲ್ಲೂ ಆಧಾರ್‌ನಲ್ಲೂ ಎಲ್ಲರ ಹೆಸರು, ವಯಸ್ಸು ಒಂದೇ ಥರ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಮೂರನೆಯದೇ ನಿಮ್ಮನ್ನು ಕಾಡುತ್ತಿರುವುದು. ಹೆಸರು ತೆಗೆದು, ಜೋಡಿಸಿ, ಯೋಜನೆ ರೂಪಿಸಲು ಬಳಸುವ ಮಾಹಿತಿ. ಇದನ್ನು ಎರಡು ಕೋಣೆಗಳ ಲೆಕ್ಕದಲ್ಲಿ ನೋಡಿ. ಒಂದು ಕೋಣೆಯಲ್ಲಿ ಕೂತವರಿಗೆ ಹೆಸರು, ವಯಸ್ಸು, ಊರು ಮಾತ್ರ ಕಾಣುತ್ತದೆ, ಕಾಯಿಲೆ ಕಾಣುವುದಿಲ್ಲ. ಈ ಪಟ್ಟಿಯ ಹೆಣ್ಣುಮಗಳೂ ಆ ಪಟ್ಟಿಯ ಹೆಣ್ಣುಮಗಳೂ ಒಬ್ಬಳೇನಾ ಅಂತ ತೀರ್ಮಾನಿಸಿ, ಎರಡೂ ಕಡೆ ಒಂದೇ ಗುಪ್ತ ಸಂಖ್ಯೆ ಹಾಕುವುದು ಅವರ ಕೆಲಸ. ಎರಡನೇ ಕೋಣೆಗೆ ಆ ಗುಪ್ತ ಸಂಖ್ಯೆಯೂ ಕಾಯಿಲೆಯ ವಿವರವೂ ಹೋಗುತ್ತವೆ. ಹೆಸರು ಹೋಗುವುದಿಲ್ಲ. ಎರಡು ಕೋಣೆಯ ಕೀಲಿ ಒಬ್ಬರ ಕೈಯಲ್ಲಿ ಇರಬಾರದು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1995ರಿಂದ ಇಂಥ ಜೋಡಣೆ ವ್ಯವಸ್ಥೆ ಇದೆ. ಹೆಸರನ್ನೂ ಕಾಯಿಲೆಯನ್ನೂ ಬೇರೆ ಬೇರೆ ಇಡುವ ಈ ಪದ್ಧತಿಯನ್ನು ಆ ದೇಶದಲ್ಲಿ ಚೆನ್ನಾಗಿ ಬೆಳೆಸಿದ್ದಾರೆ. ಅಂದರೆ ಹೆಸರು ಜೋಡಿಸುವ ಹೊತ್ತಿಗೆ ಬೇಕು, ಲೆಕ್ಕ ಹಾಕುವ ಹೊತ್ತಿಗೆ ಬೇಡ. ನಿಮ್ಮ ಎರಡೂ ಪ್ರಶ್ನೆಗೆ ಉತ್ತರ ಅಷ್ಟೇ.

ನಮ್ಮ ಕಡೆ ಇದು ಹೇಳಿದಷ್ಟು ಸಲೀಸಲ್ಲ. ಒಮ್ಮೆ ಮೂರು ರಿಜಿಸ್ಟರ್ ಮುಂದಿಟ್ಟುಕೊಂಡು ಕೈಯಲ್ಲೇ ಹೊಂದಿಸಲು ಕೂತಿದ್ದೆ. ಗಂಡನ ಊರಿನ ಉಪಕೇಂದ್ರದಲ್ಲಿ 'ಯಲ್ಲಮ್ಮ, 22, ಗಂಡ ಹನುಮಂತ' ಅಂತಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಹೋದಳಲ್ಲ, ಅಲ್ಲಿನ ಆರೋಗ್ಯ ಕೇಂದ್ರದಲ್ಲಿ 'ಎಲ್ಲಮ್ಮ, 24, ತಂದೆ ದುರಗಪ್ಪ'. ಹೆರಿಗೆ ಆದ ಆಸ್ಪತ್ರೆಯಲ್ಲಿ ಹೆಸರು ಇಂಗ್ಲಿಷಿನಲ್ಲಿ, ಹುಟ್ಟಿದ ದಿನ ಜನವರಿ 1. ಹೆಸರುಗಳನ್ನು ಇಲ್ಲಿ ಬದಲಿಸಿದ್ದೇನೆ. ನಮ್ಮಲ್ಲಿ ಎಷ್ಟು ಜನರ ಹುಟ್ಟಿದ ದಿನ ಜನವರಿ 1 ಅಥವಾ ಜೂನ್ 1 ಅಂತ ಇದೆ, ನಿಮಗೇ ಗೊತ್ತು. ಮೂರೂ ಒಬ್ಬಳೇ ಅಂತ ಖಾತ್ರಿ ಮಾಡಿಕೊಳ್ಳಲು ಕೊನೆಗೆ ಆ ಊರಿನ ಆಶಾಗೆ ಫೋನು ಮಾಡಬೇಕಾಯಿತು. ಕಂಪ್ಯೂಟರ್ ಹಾಗೆ ಫೋನು ಮಾಡುವುದಿಲ್ಲ. ಹೊಂದದಿದ್ದರೆ ಬಿಟ್ಟುಬಿಡುತ್ತದೆ. ಬಿಟ್ಟುಹೋಗುವವರು ಯಾರು? ತವರಿಗೆ ಹೋದ ಹೆಣ್ಣುಮಕ್ಕಳು, ಗುಳೆ ಹೋದವರು, ತಾಂಡಾದವರು. ಲೆಕ್ಕದಲ್ಲಿ ಅವರೇ ಇಲ್ಲ ಅಂದ ಮೇಲೆ ಯೋಜನೆಯಲ್ಲೂ ಇರುವುದಿಲ್ಲ. ನನ್ನನ್ನು ಜಾಸ್ತಿ ಕಾಡುವ ಅಪಾಯ ಇದು. ಗುಟ್ಟು ರಟ್ಟಾಗುವುದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಹಾಗಾದರೆ ಇಷ್ಟೆಲ್ಲ ಕಷ್ಟಪಟ್ಟು ಜೋಡಿಸುವುದು ಯಾಕೆ ಅಂತ ಕೇಳುತ್ತೀರಿ. ನಿಮ್ಮ ಸೊಸೆಯನ್ನೇ ತೆಗೆದುಕೊಳ್ಳಿ. ತಾಯಿ ಕಾರ್ಡು ದೇವದುರ್ಗದ ಕಡೆಯದು. ಏಳನೇ ತಿಂಗಳಲ್ಲಿ ಆಕೆ ಬೆಂಗಳೂರಿನ ಯಾವುದೋ ಕಟ್ಟಡದ ಪಕ್ಕದ ಶೆಡ್‌ನಲ್ಲಿ ಇರುತ್ತಾಳೆ. ಇಲ್ಲಿನ ರಿಜಿಸ್ಟರ್‌ನಲ್ಲಿ 'ಊರಲ್ಲಿಲ್ಲ' ಅಂತ ಬರೆಯುತ್ತಾರೆ. ಬೆಂಗಳೂರಿನ ಆಸ್ಪತ್ರೆಗೆ ಹೋದರೆ ಅಲ್ಲಿ ಆಕೆ ಹೊಸಬಳು, ರಕ್ತ ಎಷ್ಟಿತ್ತು, ಬಿಪಿ ಎಷ್ಟಿತ್ತು ಯಾರಿಗೂ ಗೊತ್ತಿಲ್ಲ. ಹೀಗೆ ಎರಡು ಕಡೆಯ ನಡುವೆ ಎಷ್ಟು ಬಸುರಿಯರು ಜಾರಿಹೋಗುತ್ತಾರೆ ಅನ್ನುವುದು ಎರಡೂ ಕಡೆಯ ಪಟ್ಟಿಗಳನ್ನು ಒಂದಕ್ಕೊಂದು ಇಟ್ಟು ನೋಡಿದರೆ ಮಾತ್ರ ಕಾಣುತ್ತದೆ. ಅದಕ್ಕೆ ಆಕೆಯ ಹೆಸರು ಬೇಕಾಗಿಲ್ಲ. ಯಾವ ತಾಲ್ಲೂಕಿನಿಂದ, ಯಾವ ತಿಂಗಳಲ್ಲಿ, ಎಷ್ಟು ಜನ ಅಂತ ಗೊತ್ತಾದರೆ ಸಾಕು, ಗುಳೆ ಹೋಗುವ ಬಸ್ಸು ಹೊರಡುವ ಮೊದಲೇ ತಪಾಸಣೆ ಇಡಬಹುದು.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತರು. ನಮ್ಮ ಕಡೆಯ ಯಾರೂ ಅದನ್ನು ಮರೆತಿಲ್ಲ. ನರಕ್ಕೆ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂತು, ರಾಜ್ಯದಲ್ಲಿ ಆ ಸರಬರಾಜಿನ ಬಳಕೆ ನಿಲ್ಲಿಸಿದರು. ನಾನು ಆ ಸುದ್ದಿ ಓದುವಾಗ ಯೋಚಿಸಿದ್ದು ಒಂದೇ. ಯಾವ ಬ್ಯಾಚಿನ ಬಾಟಲಿ ಎಲ್ಲಿಗೆ ಹೋಯಿತು ಅನ್ನುವುದು ಔಷಧ ಉಗ್ರಾಣದ ಲೆಕ್ಕದಲ್ಲಿರುತ್ತದೆ. ಯಾವ ಬಾಣಂತಿಗೆ ಏನಾಯಿತು ಅನ್ನುವುದು ವಾರ್ಡಿನ ಕೇಸ್ ಶೀಟಿನಲ್ಲಿರುತ್ತದೆ. ಈ ಎರಡು ಕಾಗದ ಸಾಮಾನ್ಯವಾಗಿ ಒಂದೇ ಮೇಜಿನ ಮೇಲೆ ಬರುವುದೇ ಇಲ್ಲ. ಸಾವು ಆದ ಮೇಲೆ ತನಿಖೆಗೆ ಅಂತ ಬರುತ್ತವೆ. ಅವು ದಿನದಿನಕ್ಕೂ ಜೋಡಿಯಾಗಿದ್ದರೆ, ಒಂದು ಬ್ಯಾಚ್ ಬಳಸಿದ ಕಡೆಯೆಲ್ಲ ಮೂತ್ರಪಿಂಡ ಕೈಕೊಡುತ್ತಿದೆ ಅನ್ನುವ ಸುಳಿವು ಬೇಗ ಸಿಗಬಹುದಿತ್ತು ಅನ್ನುವುದು ನನ್ನ ನಂಬಿಕೆ. ಅದಕ್ಕೂ ಯಾರ ಹೆಸರೂ ಬೇಕಿಲ್ಲ.

ಮತ್ತೆ ಕೆಲವು ಸಲ ಜನರ ದಾಖಲೆ ಜೋಡಿಸುವ ಅಗತ್ಯವೇ ಇರುವುದಿಲ್ಲ. ರಾಯಚೂರು, ಕೊಪ್ಪಳದ ಬೋರ್‌ವೆಲ್ ನೀರಿನ ಫ್ಲೋರೈಡ್ ವಿಷಯ ನೋಡಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ಇನ್ನೂ ಜಾಸ್ತಿ ಆಗಿ ವರ್ಷಗಟ್ಟಲೆ ಕುಡಿದರೆ ಮೂಳೆ ಬಿಗಿಯುತ್ತದೆ. ನೀರಿನ ಪರೀಕ್ಷೆ ಒಂದು ಇಲಾಖೆಯಲ್ಲಿ, ಶಾಲೆಯಲ್ಲಿ ಮಕ್ಕಳ ಹಲ್ಲು ನೋಡಿದ ವರದಿ ಇನ್ನೊಂದು ಇಲಾಖೆಯಲ್ಲಿ. ಊರು ಮತ್ತು ಬೋರ್‌ವೆಲ್ ಹೊಂದಿಸಿದರೆ ಕೆಲಸ ಮುಗಿಯಿತು. ಆಧಾರ್ ಯಾಕೆ ಬೇಕು? ಯಾರಾದರೂ ಬಂದು ಇಂಥದ್ದಕ್ಕೂ ಮಕ್ಕಳ ಆಧಾರ್ ಕೇಳಿದರೆ, ಯಾಕೆ ಅಂತ ಕೇಳಿ. ಉತ್ತರ ಬರದಿದ್ದರೆ ಕೊಡಬೇಡಿ.

ಈಗ ಅಪಾಯದ ವಿಷಯಕ್ಕೆ ಬರುತ್ತೇನೆ. ಹೆಸರು ತೆಗೆದರೆ ಯಾರಿಗೂ ಗೊತ್ತಾಗುವುದಿಲ್ಲ ಅಂತ ನಿಮಗೆ ಹೇಳಿದ್ದರೆ ಅದು ಪೂರ್ತಿ ನಿಜವಲ್ಲ. ನಾನೇ ಒಮ್ಮೆ ಈ ತಪ್ಪು ಮಾಡಿದ್ದೇನೆ. ಒಂದು ತಾಲ್ಲೂಕು ಸಭೆಯಲ್ಲಿ ಮನೆ ಹೆರಿಗೆಗಳ ಪಟ್ಟಿ ಪರದೆಯ ಮೇಲೆ ಹಾಕಿದ್ದೆ. ಹೆಸರು ಇರಲಿಲ್ಲ. ಊರು, ವಯಸ್ಸು, ಎಷ್ಟನೇ ಹೆರಿಗೆ, ಏನಾಯಿತು, ಅಷ್ಟೇ. ಒಂದು ಸಾಲಿನಲ್ಲಿ '19 ವರ್ಷ, ಎರಡನೇ ಹೆರಿಗೆ, ಅವಳಿ, ಒಂದು ಮಗು ಸಾವು' ಅಂತ ಇತ್ತು. ಹಿಂದಿನ ಸಾಲಿನಿಂದ ಒಬ್ಬರು ಪಕ್ಕದವರಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. "ಅದು ಅಗಸಿ ಓಣಿ ಹುಡುಗಿ ಅಲ್ಲೇನ್ರಿ?" ಸಭೆ ಒಂದು ಕ್ಷಣ ಸುಮ್ಮನಾಯಿತು. ಆ ಹುಡುಗಿಯ ದುಃಖವನ್ನು ನಾನು ನಲವತ್ತು ಜನರ ಮುಂದೆ ಹರಡಿಬಿಟ್ಟಿದ್ದೆ. ಅವತ್ತಿನಿಂದ ಊರಿನ ಹೆಸರು ಇರುವ ಯಾವ ಪಟ್ಟಿಯನ್ನೂ ಪರದೆಗೆ ಹಾಕಿಲ್ಲ.

ದೊಡ್ಡ ದೇಶಗಳೂ ಇದೇ ತಪ್ಪು ಮಾಡಿವೆ. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನೌಕರರ ಆಸ್ಪತ್ರೆ ದಾಖಲೆಗಳು ಹೆಸರಿಲ್ಲದೆ ಸಂಶೋಧಕರಿಗೆ ಸಿಕ್ಕವು. ಲತಾನ್ಯಾ ಸ್ವೀನಿ ಅನ್ನುವ ವಿದ್ಯಾರ್ಥಿನಿ 20 ಡಾಲರ್ ಕೊಟ್ಟು ಮತದಾರರ ಪಟ್ಟಿ ಕೊಂಡರು. ಹುಟ್ಟಿದ ದಿನ, ಗಂಡೋ ಹೆಣ್ಣೋ, ಪಿನ್ ಕೋಡ್, ಈ ಮೂರನ್ನೇ ಹೊಂದಿಸಿ ಆ ರಾಜ್ಯದ ಗವರ್ನರ್ ದಾಖಲೆಯನ್ನೇ ಹುಡುಕಿ ತೆಗೆದರು. 2016ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಜನಸಂಖ್ಯೆಯ ಸುಮಾರು ಶೇಕಡಾ 10ರಷ್ಟು ಮಂದಿಯ ಚಿಕಿತ್ಸೆ ಮತ್ತು ಔಷಧ ಬಿಲ್ಲುಗಳನ್ನು ಗುರುತು ಮರೆಸಿ ಅಂತರ್ಜಾಲದಲ್ಲಿ ಹಾಕಿತು. ಮೆಲ್ಬರ್ನ್ ವಿಶ್ವವಿದ್ಯಾಲಯದವರು ಅದರ ಸಂಕೇತ ಬಿಡಿಸಿದರು, ಸರ್ಕಾರ ವಾಪಸ್ ತೆಗೆಯಿತು. ನಮ್ಮಲ್ಲೇ, 2020ರ ಮಾರ್ಚ್‌ನಲ್ಲಿ ಕ್ವಾರಂಟೈನ್‌ನಲ್ಲಿದ್ದವರ ಮನೆ ವಿಳಾಸಗಳ ಪಟ್ಟಿ ಪ್ರಕಟವಾಗಿದ್ದು ನೆನಪಿದೆಯಲ್ವಾ? ಬಾಗಿಲ ಸಂಖ್ಯೆ ಸಿಕ್ಕ ಮೇಲೆ ಹೆಸರು ಯಾಕೆ ಬೇಕು?

ಹಾಗಾಗಿ ಗುರುತು ಕಾಯುವುದು ಹೆಸರು ಅಳಿಸುವುದರಿಂದ ಮುಗಿಯುವುದಿಲ್ಲ. ಹುಟ್ಟಿದ ದಿನದ ಬದಲು ವಯಸ್ಸಿನ ಗುಂಪು ಇರಬೇಕು. ಊರಿನ ಬದಲು ತಾಲ್ಲೂಕು ಇರಬೇಕು. ಒಂದು ಕಾಯಿಲೆಯವರು ಐದಾರು ಜನ ಮಾತ್ರ ಇದ್ದರೆ ಆ ಸಂಖ್ಯೆಯನ್ನೇ ತೋರಿಸಬಾರದು. ಮಾಹಿತಿ ಇರುವ ಕಡೆಗೇ ಸಂಶೋಧಕರು ಬಂದು ನೋಡಬೇಕು, ಪೆನ್ ಡ್ರೈವ್‌ನಲ್ಲಿ ಮನೆಗೆ ಒಯ್ಯುವ ಹಾಗಿರಬಾರದು. ಯಾರು, ಯಾವಾಗ, ಏನು ನೋಡಿದರು ಅನ್ನುವ ಲೆಕ್ಕ ಇರಬೇಕು. ಎಚ್‌ಐವಿ ದಾಖಲೆಗಳ ಗುಟ್ಟು ಕಾಯಲು 2017ರ ಪ್ರತ್ಯೇಕ ಕಾನೂನೇ ಇದೆ. ಹಿಂದೆ ದೇವದಾಸಿ ಅಂತ ದೇವರಿಗೆ ಬಿಟ್ಟಿದ್ದ ಹೆಣ್ಣುಮಕ್ಕಳು ಇರುವ ನಮ್ಮ ಜಿಲ್ಲೆಗಳಲ್ಲಿ ಅಂಥ ದಾಖಲೆಯನ್ನು ಬೇರೆ ಪಟ್ಟಿಗಳ ಜೊತೆ ಸುಮ್ನೆ ಜೋಡಿಸಬಾರದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಕಾನೂನು ಏನು ಹೇಳುತ್ತದೆ? ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹಾಕಿದ್ದ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿತು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ಮಲೇರಿಯಾ, ಡೆಂಗಿಯಂಥ ಕಾಯಿಲೆ ಎದುರಿಸಲು ಆಸ್ಪತ್ರೆ ದಾಖಲೆಗಳನ್ನು ಸರ್ಕಾರ ವಿಶ್ಲೇಷಿಸಬಹುದು, ಆದರೆ ವ್ಯಕ್ತಿಯ ಗುರುತು ಕಾಯಬೇಕು ಅನ್ನುವ ಅರ್ಥದ ಮಾತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಬಂತು. ಸಂಶೋಧನೆ, ಅಂಕಿಅಂಶದ ಕೆಲಸಕ್ಕೆ ಅದರಲ್ಲಿ ವಿನಾಯಿತಿ ಇದೆ. ಷರತ್ತು ಏನೆಂದರೆ, ಹಾಗೆ ಬಳಸಿದ ಮಾಹಿತಿಯಿಂದ ಒಬ್ಬ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ಯಾವ ತೀರ್ಮಾನವನ್ನೂ ತೆಗೆದುಕೊಳ್ಳುವಂತಿಲ್ಲ. ನಿಮ್ಮ ರೇಷನ್ ಕಾರ್ಡಿಗೆ ಇದು ಒಂದು ರಕ್ಷಣೆ.

ಕೊರತೆಯೂ ಇದೆ. ಈ ಕಾಯ್ದೆಯ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಹೊಣೆಗಳು ಜಾರಿಯಾಗಲು 18 ತಿಂಗಳ ಕಾಲಾವಕಾಶ ಇಟ್ಟಿದ್ದಾರೆ. ಗುರುತು ಮರೆಸಿದ ಮಾಹಿತಿಯಿಂದ ಮತ್ತೆ ಗುರುತು ಪತ್ತೆ ಮಾಡುವುದೇ ಜೈಲಿಗೆ ಹೋಗುವ ಅಪರಾಧ ಅಂತ 2019ರ ಮಸೂದೆಯಲ್ಲಿತ್ತು. 2023ರ ಕಾಯ್ದೆಯಲ್ಲಿ ಅದು ಇಲ್ಲ. ಇದು ಮತ್ತೆ ಸೇರಬೇಕು. ಬೇಡ ಅನ್ನುವ ಹಕ್ಕಿನ ಬಗ್ಗೆ ಹೇಳುವುದಾದರೆ, ಇಂಗ್ಲೆಂಡಿನಲ್ಲಿ 2018ರಿಂದ ಜನ ತಮ್ಮ ದಾಖಲೆ ಯೋಜನೆ, ಸಂಶೋಧನೆಗೆ ಬೇಡ ಅಂತ ಹೇಳಬಹುದು. ನಮ್ಮಲ್ಲಿ ಗುರುತು ತೆಗೆದ ಅಂಕಿಅಂಶಕ್ಕೆ ಒಬ್ಬೊಬ್ಬರ ಒಪ್ಪಿಗೆ ಕೇಳುವ ಪದ್ಧತಿ ಇಲ್ಲ. ನೀವು ಮಾಡಬಹುದಾದ್ದು, ಊರಿನ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿ ಸಭೆಯಲ್ಲಿ ಎದ್ದು ಕೇಳುವುದು, ಇಲ್ಲವೇ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕುವುದು. ನಮ್ಮ ಮಾಹಿತಿ ಯಾರಿಗೆ ಕೊಟ್ಟಿದ್ದೀರಿ, ಯಾರು ಒಪ್ಪಿಗೆ ಕೊಟ್ಟರು, ಸಣ್ಣ ಊರಿನ ಸಂಖ್ಯೆಗಳನ್ನು ಹೇಗೆ ಮರೆಸುತ್ತೀರಿ ಅಂತ ಕೇಳಿ.

ಇನ್ಶೂರೆನ್ಸ್ ವಿಷಯ ಚಿಕ್ಕದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಹಳೆಯ ಕಾಯಿಲೆ ಇದೆ ಅಂತ ಬಿಡುವುದಿಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆಗೆ ಟಿಬಿ ಇತಿಹಾಸ ಅಡ್ಡಿಯಲ್ಲ. ಖಾಸಗಿ ಪಾಲಿಸಿ ಮಾಡಿಸುವುದಾದರೆ ಅವರು ನಿಮ್ಮನ್ನೇ ಕೇಳುತ್ತಾರೆ, ಅಲ್ಲಿ ನಿಜ ಬರೆಯಿರಿ.

ಆಭಾ ಸಂಖ್ಯೆ ಕಡ್ಡಾಯ ಅಲ್ಲ. ಅದಿಲ್ಲ ಅಂತ ಯಾವ ಸರ್ಕಾರಿ ಆಸ್ಪತ್ರೆಯೂ ಚಿಕಿತ್ಸೆ ನಿರಾಕರಿಸುವಂತಿಲ್ಲ. ಮಾಡಿಸಿದರೂ ಮುಂದೆ ಬೇಡವಾದರೆ ತೆಗೆಸಬಹುದು. ನಿಮ್ಮ ಸೊಸೆಗೆ ಮಾತ್ರ ನಾನು ಮಾಡಿಸಿ ಅನ್ನುತ್ತೇನೆ, ಊರೂರು ತಿರುಗುವವರಿಗೆ ಅದು ಉಪಯೋಗ. ಓಟಿಪಿ ಹೇಳುವ ಮೊದಲು ಮೆಸೇಜಿನಲ್ಲಿ ಯಾತಕ್ಕೆ ಅಂತ ಬರೆದಿದೆ ಅನ್ನುವುದನ್ನು ಮಗನಿಂದ ಓದಿಸಿ. ಆಧಾರ್ ಜೆರಾಕ್ಸ್ ಕೇಳಿದ ಕಡೆಯೆಲ್ಲ ಬಿಟ್ಟು ಬರಬೇಡಿ. ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ ಆಧಾರ್ ಸಿಗುತ್ತದೆ, ಅದನ್ನು ಇಳಿಸಿಕೊಳ್ಳಿ.

ಇನ್ನು ಮಗಳು. ಗಂಡಿನ ಕಡೆಯವರಿಗೆ ಬೆಂಗಳೂರಿನ ಕಂಪ್ಯೂಟರಿನಿಂದ ವಿಷಯ ಗೊತ್ತಾಗುವ ಸಂಭವ ತೀರಾ ಕಮ್ಮಿ. ಗೊತ್ತಾಗುವುದಿದ್ದರೆ ಹತ್ತಿರದಿಂದಲೇ. ಆರೋಗ್ಯ ಕೇಂದ್ರದ ಮೇಜಿನ ಮೇಲೆ ತೆರೆದಿಟ್ಟ ರಿಜಿಸ್ಟರ್, ಸಿಬ್ಬಂದಿಯ ವಾಟ್ಸಾಪ್ ಗುಂಪಿನಲ್ಲಿ ಬಿದ್ದ ಪಟ್ಟಿಯ ಫೋಟೋ, ಪೋಷಣೆಗೆ ತಿಂಗಳಿಗೆ ಬರುತ್ತಿದ್ದ 1,000 ರೂಪಾಯಿಯ ಬ್ಯಾಂಕ್ ಮೆಸೇಜ್. ಟಿಬಿ ದಾಖಲಿಸುವುದು 2012ರಿಂದ ಕಡ್ಡಾಯ, ಅದನ್ನು ಅಳಿಸಿ ಅಂತ ಕೇಳುವುದರಿಂದ ಪ್ರಯೋಜನ ಇಲ್ಲ. ಚಿಕಿತ್ಸೆ ಮುಗಿದ ಮೇಲೂ ಎರಡು ವರ್ಷ ಆರು ತಿಂಗಳಿಗೊಮ್ಮೆ ಪರೀಕ್ಷೆ ಇರುತ್ತದೆ, ಅದನ್ನು ತಪ್ಪಿಸಬೇಡಿ. ಆದರೆ ಕಾರ್ಯಕರ್ತರು ಮನೆ ಬಾಗಿಲಿಗೆ ಬರುವುದು ಬೇಡ, ನಾವೇ ಬರುತ್ತೇವೆ ಅಂತ ವೈದ್ಯಾಧಿಕಾರಿಗೆ ಹೇಳಿ. ಆ ಮಾತು ಕೇಳುವುದು ಅವರ ಕರ್ತವ್ಯ. ಗುಣವಾದ ಟಿಬಿ ಯಾರಿಗೂ ಅಂಟುವುದಿಲ್ಲ, ಮದುವೆಗೆ ಅಡ್ಡಿ ಇಲ್ಲ, ಮಕ್ಕಳಾಗುವುದಕ್ಕೂ ಸಾಮಾನ್ಯವಾಗಿ ಅಡ್ಡಿ ಇಲ್ಲ. ಹುಡುಗನಿಗೆ ಹೇಳುವುದೋ ಬಿಡುವುದೋ ಮಗಳು ತೀರ್ಮಾನಿಸಲಿ. ಹೇಳುವುದಾದರೆ ಚಿಕಿತ್ಸೆ ಮುಗಿದ ಪ್ರಮಾಣಪತ್ರ ಅವಳ ಕೈಯಲ್ಲಿರಲಿ, ಕೇಂದ್ರದಲ್ಲಿ ಕೇಳಿದರೆ ಕೊಡುತ್ತಾರೆ.

ಸೊಸೆ ಹೊರಡುವ ಮುಂಚೆ ತಾಯಿ ಕಾರ್ಡಿನ ಎಲ್ಲ ಪುಟಗಳ ಫೋಟೋ ಮಗನ ಫೋನಿನಲ್ಲೂ ನಿಮ್ಮ ಫೋನಿನಲ್ಲೂ ಇರಲಿ. ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಳಿಸಿ, ಶೆಡ್‌ನಲ್ಲಿ ಒದ್ದೆಯಾಗುತ್ತದೆ. ಬೆಂಗಳೂರಿನಲ್ಲಿ ಕೆಲಸ ಸಿಕ್ಕ ವಾರದೊಳಗೆ ಹತ್ತಿರದ ನಗರ ಆರೋಗ್ಯ ಕೇಂದ್ರಕ್ಕೆ ಹೋಗಿ ಆ ಕಾರ್ಡು ತೋರಿಸಲು ಹೇಳಿ. ಮತ್ತು ನಿಮ್ಮ ಆಶಾ ಕಾರ್ಯಕರ್ತೆಯ ಫೋನ್ ನಂಬರನ್ನು ಕಾರ್ಡಿನ ಮೊದಲ ಪುಟದಲ್ಲೇ ದಪ್ಪಗೆ ಬರೆಸಿ.